ಹಾಲುತೊಂಡೆಯ ಇನ್ನೊಂದು ಕಥೆ

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ‘ಹಾಲುತೊಂಡೆ’ ಅನ್ನೋ ಮಾತನ್ನ ಸ್ವಲ್ಪ ದನಿ ತಗ್ಗಿಸಿಯೇ ಆಡ್ತಾರೆ. ನಾಲ್ಕನೇ ಜ್ವರ ಎದ್ದು, ಇನ್ನೊಂದು ವಾರಕ್ಕೆ ಹಣ್ಣಾಗಬೇಕಾದ ಹುಳ ಸೊಪ್ಪು ಬಿಟ್ಟು ತಟ್ಟೆ ಅಂಚಲ್ಲಿ ಅಲೆಯೋಕೆ ಶುರುಮಾಡುತ್ತೆ. ಮೈ ಊದಿ ಮಿರಮಿರ ಮಿಂಚುತ್ತೆ. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ರಸ. ಆ ರಸ ಬಿದ್ದ ಸೊಪ್ಪು ತಿಂದ ಹುಳಕ್ಕೂ ಅದೇ ಗತಿ. ಸಾಲ ಮಾಡಿ ಸೊಪ್ಪು ಕೊಂಡವರು ಬುಟ್ಟಿಗಟ್ಟಲೆ ಹುಳವನ್ನ ಗುಂಡಿಗೆ ಸುರಿದು, ಸುಣ್ಣ ಎರಚಿ ಬರ್ತಾರೆ.

ಈ ರೋಗ ತರೋದು ಒಂದು ವೈರಸ್. ಅದೇ ವೈರಸ್ಸನ್ನ ಬೇಕಂತಲೇ ಹುಳಕ್ಕೆ ಹತ್ತಿಸಿ, ಅದರಿಂದ ಮನುಷ್ಯರ ಪ್ರೋಟೀನ್ ತೆಗೆದವರಿದ್ದಾರೆ.

ಆ ಪ್ರೋಟೀನ್ ಇಂಟರ್‌ಫೆರಾನ್. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕಂಡುಹಿಡಿದದ್ದು. ವೈರಸ್ ಹೊಕ್ಕ ಜೀವಕೋಶ ಅಕ್ಕಪಕ್ಕದ ಕೋಶಗಳಿಗೆ ಕಳಿಸೋ ಎಚ್ಚರಿಕೆ ಅದು. ನಮ್ಮ ಆಫೀಸ್ ಭಾಷೆಯಲ್ಲಿ ಅಲರ್ಟ್. ತೊಂದರೆ ಏನಂದ್ರೆ, ದೇಹ ಇದನ್ನ ಮಾಡೋದು ಅತಿ ಸ್ವಲ್ಪ. ಫಿನ್‌ಲ್ಯಾಂಡಿನ ಕಾರಿ ಕ್ಯಾಂಟೆಲ್ 1970ರ ದಶಕದಲ್ಲಿ ದಾನಿಗಳ ರಕ್ತದ ಬಿಳಿಕಣಗಳಿಂದ ಇದನ್ನ ತೆಗೀತಿದ್ದರು. ಸಾವಿರಾರು ಲೀಟರ್ ರಕ್ತಕ್ಕೆ ಸಿಗ್ತಿದ್ದ ಶುದ್ಧ ಇಂಟರ್‌ಫೆರಾನ್ ಮಿಲಿಗ್ರಾಂ ಲೆಕ್ಕದ್ದು. 1980ರ ಹೊತ್ತಿಗೆ ಚಾರ್ಲ್ಸ್ ವೈಸ್‌ಮನ್ ತಂಡ ಅದರ ಜೀನನ್ನ ಬ್ಯಾಕ್ಟೀರಿಯಾಕ್ಕೆ ಹಾಕಿತು. ಆದರೆ ಎಷ್ಟೋ ಪ್ರೋಟೀನುಗಳಿಗೆ ಪ್ರಾಣಿಕೋಶ ಅಂಟಿಸುವ ಸಕ್ಕರೆಯ ತುಣುಕುಗಳನ್ನ ಬ್ಯಾಕ್ಟೀರಿಯಾ ಅಂಟಿಸೋದಿಲ್ಲ.

ಹಾಗಾಗಿ ಕೀಟಗಳ ಸರದಿ. 1983ರಲ್ಲಿ ಟೆಕ್ಸಾಸಿನಲ್ಲಿ ಗೇಲ್ ಸ್ಮಿತ್, ಮ್ಯಾಕ್ಸ್ ಸಮ್ಮರ್ಸ್ ಮತ್ತಿತರರು ಸೈನಿಕ ಹುಳದ ಕೋಶಗಳಲ್ಲಿ ಮನುಷ್ಯರ ಬೀಟಾ ಇಂಟರ್‌ಫೆರಾನ್ ಮಾಡಿಸಿದರು. (ಹೌದು, 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಸಿಕ್ಕಿ, ಆಮೇಲೆ ರಾಜ್ಯದ ಮುಸುಕಿನ ಜೋಳ ಮೇಯ್ದ ಅದೇ ಹುಳ. ಸಂಶೋಧನೆಗೆ ಬೇಕಾದ ಎಷ್ಟೋ ಪ್ರೋಟೀನುಗಳು ಇವತ್ತಿಗೂ ಅದರ ಕೋಶಗಳಲ್ಲೇ ತಯಾರಾಗೋದು.)

ಎರಡು ವರ್ಷಕ್ಕೆ, 1985ರಲ್ಲಿ, ಜಪಾನಿನ ಸುಸುಮು ಮಾಯೆದಾ ತಂಡ ಇಡೀ ರೇಷ್ಮೆ ಹುಳವನ್ನೇ ಕಾರ್ಖಾನೆ ಮಾಡಿತು. ಹಾಲುತೊಂಡೆ ವೈರಸ್ ತನ್ನ ರಕ್ಷಣೆಗೆ ಪಾಲಿಹೆಡ್ರಿನ್ ಅನ್ನೋ ಪ್ರೋಟೀನಿನ ಹರಳು ಕಟ್ಟಿಕೊಳ್ಳುತ್ತೆ. ಆ ರಸಕ್ಕೆ ಹಾಲಿನ ಬಣ್ಣ ಬರೋದೇ ಲೆಕ್ಕವಿಲ್ಲದಷ್ಟು ಈ ಹರಳುಗಳಿಂದ. ರೋಗ ಬಲಿತಾಗ ಹುಳದ ಮೈ ಬೇರೆಲ್ಲ ಬಿಟ್ಟು ಇದನ್ನೇ ರಾಶಿ ರಾಶಿ ಮಾಡುತ್ತೆ. ಆ ಜೀನ್ ತೆಗೆದು, ಜಾಗದಲ್ಲಿ ಆಲ್ಫಾ ಇಂಟರ್‌ಫೆರಾನ್ ಜೀನ್ ಇಟ್ಟರು. ಹರಳಿನ ಬದಲು ಹುಳದ ರಕ್ತದಲ್ಲಿ ಇಂಟರ್‌ಫೆರಾನ್ ತುಂಬಿತು. ವಿಚಿತ್ರ ನೋಡಿ, ಹುಳಕ್ಕೆ ತನ್ನದೇ ಆದ ಇಂಟರ್‌ಫೆರಾನ್ ಇಲ್ಲ. 1990ರ ದಶಕದಲ್ಲಿ ಟೋರೆ ಕಂಪನಿ ಇದೇ ದಾರಿಯಲ್ಲಿ ಬೆಕ್ಕಿನ ಇಂಟರ್‌ಫೆರಾನ್ ಮಾಡಿ ಪಶುಗಳ ಔಷಧಿಯಾಗಿ ಮಾರಿತು.

ನಮ್ಮಲ್ಲೂ ಕೆಲಸ ಆಗದೇ ಇರಲಿಲ್ಲ. ಅದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ತಂಡ ಈ ವೈರಸ್ಸಿನ ಸ್ಥಳೀಯ ತಳಿಯನ್ನ ಅಧ್ಯಯನ ಮಾಡಿ, ಮಿಂಚುಹುಳದ ಬೆಳಕಿನ ಜೀನ್ ರೇಷ್ಮೆ ಹುಳದೊಳಗೆ ಕೆಲಸ ಮಾಡೋ ಹಾಗೆ ಮಾಡಿತ್ತು.

ಹಾಗಾದ್ರೆ ಶಿಡ್ಲಘಟ್ಟದಲ್ಲಿ ಯಾಕೆ ಇಂಥದ್ದು ಆಗಬಾರದು ಅಂತ ಫ್ರೆಂಡ್ಸ್ ಕೇಳ್ತಾರೆ. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕಿಲೋ ಲೆಕ್ಕ, ಲ್ಯಾಬ್ ಪ್ರೋಟೀನ್ ಮೈಕ್ರೋಗ್ರಾಂ ಲೆಕ್ಕ, ಆಸೆ ಸಹಜ. ನನಗಂತೂ ಆ ಆಸೆ ಇಲ್ಲ. ದುಡ್ಡಿರೋದು ಶುದ್ಧೀಕರಿಸೋ ಲ್ಯಾಬಿನಲ್ಲಿ, ಹುಳ ಸಾಕೋ ಕೈಯಲ್ಲಲ್ಲ. ಆ ಹುಳ ಗೂಡು ಕಟ್ಟೋಕೆ ಮೊದಲೇ ಸಾಯುತ್ತೆ. ಊರೂರಲ್ಲೂ ಹುಳಮನೆ ಇರೋ ಜಿಲ್ಲೆಗೆ ಹುಳ ಕೊಲ್ಲೋ ವೈರಸ್ಸನ್ನ ಕಸುಬಾಗಿ ತರೋ ಧೈರ್ಯ ಯಾರಿಗಿದೆ? 2000ದಲ್ಲಿ ತೋಶಿಕಿ ತಮುರಾ ತಂಡ ಹೊರಗಿನ ಜೀನನ್ನ ನೇರವಾಗಿ ಹುಳದ ತಳಿಗೇ ಸೇರಿಸಿದ ಮೇಲೆ, ವೈರಸ್ಸಿನ ಹಂಗಿಲ್ಲದೆ ಗೂಡಿನಲ್ಲೇ ಬೇರೆ ಪ್ರೋಟೀನ್ ನೂಲಿಸೋ ದಾರಿ ಜಪಾನಿನಲ್ಲಿ ತೆರೆಯಿತು. ಅದಾದ್ರೆ ಯೋಚಿಸಬಹುದು.

ಇಷ್ಟೆಲ್ಲ ತಿಳಿದ ಮೇಲೂ, ಹಾಲುತೊಂಡೆ ಹತ್ತಿದ ಹುಳಕ್ಕೆ ಮದ್ದು ಇವತ್ತಿಗೂ ಇಲ್ಲ. ಬೆಳೆ ಎದ್ದ ಮೇಲೆ ಹುಳಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಚಂದ್ರಂಕಿ ಬಿಸಿಲಿಗೆ ಹಾಕಿ ಮುಂದಿನ ಚಾಕಿಗೆ ಕಾಯ್ತಾರೆ.