ಅರಳಿಕಟ್ಟೆಯಿಂದ ಸಹಾಯವಾಣಿಗೆ

ನಮ್ಮ ಊರುಗಳಲ್ಲಿ ವಯಸ್ಸಾದವರಿಗೆ ಅರಳಿಕಟ್ಟೆಯೇ ಕೇಂದ್ರ. ಹರಟೆ ಅಲ್ಲೇ, ಅನ್ನ ಹಾಕದ ಮಗನಿಗೆ ಬುದ್ಧಿಮಾತೂ ಅಲ್ಲೇ. ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ 2007ರಲ್ಲಿ ಬಿಬಿಎಂಪಿಗೆ ಸೇರಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂತು. ಸುತ್ತಲ ಹೊಲಗಳು ಸೈಟುಗಳಾದವು, ಕಟ್ಟೆಯ ಮಾತು ನಡೆಯದಾಯಿತು.

ನಗರದಲ್ಲಿ ಆ ಕೆಲಸವನ್ನು ಅಷ್ಟರಲ್ಲಾಗಲೇ ಫೋನು ವಹಿಸಿಕೊಂಡಿತ್ತು. 2002ರಲ್ಲಿ ಬೆಂಗಳೂರು ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ಹಿರಿಯರ ಸಹಾಯವಾಣಿ 1090 ಆರಂಭಿಸಿದರು. ಹಿರಿಯರ ದೂರು ಕೇಳಿ, ಮನೆಯವರೊಂದಿಗೆ ಮಾತಾಡಿ ರಾಜಿ ಮಾಡಿಸುವುದು ಅದರ ಮುಖ್ಯ ಕೆಲಸ.

ರಾಜಿಗೆ ಒಪ್ಪದವರಿಗೆ 2007ರ ಕಾಯ್ದೆ ಬಂತು. ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರ ಮುಂದೆ ವಕೀಲರಿಲ್ಲದೆಯೇ ಅರ್ಜಿ ಹಾಕಬಹುದು. ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅವಕಾಶವಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ವಾಪಸ್ ಪಡೆಯಬಹುದು.

2021ರಲ್ಲಿ 14567 ದೇಶಕ್ಕೆಲ್ಲ ಬಂತು. ಈ ಉಚಿತ ಕರೆ ನಮ್ಮ ಹಳ್ಳಿಗೂ ಉಂಟು.

ನಮ್ಮ ಕಡೆಯೂ ಜಮೀನಿನ ಬೆಲೆ ಏರುತ್ತಿದೆ. ಅಜ್ಜ ಅಜ್ಜಿ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ, ‘ಕೊನೆತನಕ ನೋಡಿಕೊಳ್ಳಬೇಕು’ ಎಂಬ ಸಾಲು ಅದರಲ್ಲಿದೆಯೇ ಎಂದು ಓದಿ ಹೇಳಿ. ಆ ಒಂದು ಸಾಲು ನಾಳೆ ಅವರ ಅನ್ನ ಉಳಿಸಬಲ್ಲದು.