ಪೆಟ್ಲುಪ್ಪು: ಬೆಂಕಿಗೂ ತಂಪಿಗೂ ಒಂದೇ ಹರಳು



ನಿಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಪೊಟ್ಯಾಸಿಯಂ ನೈಟ್ರೇಟಿನ ಸೀಸೆಯನ್ನು ನೀವು ಕಂಡಿರಬಹುದು. ಕನ್ನಡದಲ್ಲಿ ಅದು ಪೆಟ್ಲುಪ್ಪು, ಉರ್ದುವಿನಲ್ಲಿ ಶೋರಾ. ಅಡುಗೆ ಉಪ್ಪಿನಂತೆ ಕಾಣುವ ಈ ಬಿಳಿ ಹರಳು ಸಾಮ್ರಾಜ್ಯಗಳ ಹಣೆಬರಹವನ್ನೇ ಬದಲಿಸಿದೆ.

ಇದಕ್ಕೆ ಎರಡು ವಿಶೇಷ ಗುಣಗಳಿವೆ. ಚೆನ್ನಾಗಿ ಕಾಯಿಸಿದರೆ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಆದ್ದರಿಂದಲೇ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಸೇರಿದರೆ ಗಾಳಿಯ ಹಂಗಿಲ್ಲದೆ ಉರಿಯುವ ಕೋವಿಮದ್ದಾಗುತ್ತದೆ. ನೀರಿನಲ್ಲಿ ಕರಗುವಾಗ ಅದೇ ಉಪ್ಪು ಶಾಖವನ್ನು ಹೀರಿಕೊಳ್ಳುತ್ತದೆ. ಅಕ್ಬರನ ಅರಮನೆಯಲ್ಲಿ ಕುಡಿಯುವ ನೀರನ್ನು ಪೆಟ್ಲುಪ್ಪಿನಿಂದ ತಂಪು ಮಾಡುತ್ತಿದ್ದುದನ್ನು ಅಬುಲ್ ಫಜಲ್ 'ಐನ್-ಎ-ಅಕ್ಬರಿ'ಯಲ್ಲಿ ದಾಖಲಿಸಿದ್ದಾನೆ.

ಕೋವಿಮದ್ದು ಹುಟ್ಟಿದ್ದು ಚೀನಾದಲ್ಲಿ. ಆದರೆ ಮಣ್ಣಿನಿಂದ ತೆಗೆದ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೂ ಬೆರೆತಿರುತ್ತವೆ. ಅವು ತೇವ ಹೀರಿ ಮದ್ದನ್ನು ಕೆಡಿಸುತ್ತವೆ. ಸೌದೆಯ ಬೂದಿ ಬಳಸಿ ಇವನ್ನು ಬೇರ್ಪಡಿಸುವ ವಿಧಾನವನ್ನು 13ನೇ ಶತಮಾನದಲ್ಲಿ ಸಿರಿಯಾದ ಹಸನ್ ಅಲ್-ರಮ್ಮಾ ವಿವರವಾಗಿ ಬರೆದಿಟ್ಟನು.

ಬಿಹಾರದಲ್ಲಿ ನೋನಿಯಾ ಜನರು ಹಳ್ಳಿಗಳ ಮಣ್ಣಿನ ಮೇಲೆ ಬೆಳ್ಳಗೆ ಮೂಡುವ ಉಪ್ಪನ್ನು ಕೆರೆದು, ನೀರಿನಲ್ಲಿ ಸೋಸಿ, ಕುದಿಸಿ, ಆರಿಸಿ ಹರಳು ಮಾಡುತ್ತಿದ್ದರು. 100 ಗ್ರಾಂ ಕುದಿಯುವ ನೀರಿನಲ್ಲಿ ಸುಮಾರು 245 ಗ್ರಾಂ ಪೆಟ್ಲುಪ್ಪು ಕರಗುತ್ತದೆ. 20 ಡಿಗ್ರಿಯಲ್ಲಿ ಕರಗುವುದು ಸುಮಾರು 32 ಗ್ರಾಂ ಮಾತ್ರ. ಅಡುಗೆ ಉಪ್ಪಿನಲ್ಲಿ ಈ ವ್ಯತ್ಯಾಸ ಅತ್ಯಲ್ಪ. ಶಾಲೆಯ ಮೆಟ್ಟಿಲು ಹತ್ತದವರೂ ಈ ರಸಾಯನಶಾಸ್ತ್ರವನ್ನು ಕೈಯಲ್ಲಿ ಬಲ್ಲವರಾಗಿದ್ದರು! ಪ್ಲಾಸಿ ಕದನದ ಮರುವರ್ಷ, 1758ರಲ್ಲಿ, ಈ ವ್ಯಾಪಾರದ ಏಕಸ್ವಾಮ್ಯ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಯುರೋಪಿನ ಯುದ್ಧಗಳಿಗೆ ಬಿಹಾರದ ಮಣ್ಣೇ ಮದ್ದಾಯಿತು.

ನಮ್ಮ ಮೈಸೂರಿನ ಪಾತ್ರವೂ ಗಮನಾರ್ಹ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಕೋವಿಮದ್ದು ತುಂಬಿದ ರಾಕೆಟ್‌ಗಳನ್ನು 1780ರ ಪೊಲ್ಲಿಲೂರು ಕದನದಲ್ಲಿ ಬಳಸಿತು. 1799ರ ನಂತರ ಇಂಗ್ಲೆಂಡಿಗೆ ಹೋದ ಮೈಸೂರು ರಾಕೆಟ್‌ಗಳೇ ಕಾಂಗ್ರೀವ್‌ನ ರಾಕೆಟ್‌ಗಳಿಗೆ ಪ್ರೇರಣೆಯಾದವು.

ಮುಂದೆ ಚಿಲಿಯ ನೈಟ್ರೇಟ್ ಅಗ್ಗವಾಗಿ ಬಂತು. 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ಕಾರ್ಖಾನೆ ಆರಂಭವಾಯಿತು. ಮಣ್ಣು ಕೆರೆಯುವ ಕಸುಬು ಕುಸಿಯಿತು.

ಇಂದು ಪೆಟ್ಲುಪ್ಪು ಗೊಬ್ಬರದಲ್ಲಿದೆ, ಗಾಜಿನಲ್ಲಿದೆ, ಜುಮ್ಮೆನ್ನುವ ಹಲ್ಲಿನ ಪೇಸ್ಟಿನಲ್ಲಿದೆ. ಸೋಡಿಯಂ ನೈಟ್ರೇಟಿನೊಡನೆ ಕರಗಿಸಿ, ಸೌರ ವಿದ್ಯುತ್ ಸ್ಥಾವರಗಳಲ್ಲಿ ಹಗಲಿನ ಶಾಖವನ್ನು ರಾತ್ರಿಗೆ ಕಾದಿಡಲೂ ಬಳಸುತ್ತಾರೆ.

ಮಿತ್ರರೇ, ನೋನಿಯಾಗಳ ಕೈಯಲ್ಲಿ ಜ್ಞಾನವಿತ್ತು, ಆದರೆ ಬೆಲೆ ಕಟ್ಟಿದವರು ಬೇರೆಯವರು. ಕೈಯ ಕೌಶಲಕ್ಕೆ ವಿದ್ಯೆಯ ಬಲವೂ ಕೂಡಬೇಕೆಂಬುದು ಇದಕ್ಕೇ. ಮುಂದಿನ ಸಲ ಆ ಸೀಸೆಯನ್ನು ಕೈಗೆತ್ತಿಕೊಂಡಾಗ ಆ ಕೈಗಳನ್ನೂ ನೆನೆಯಿರಿ.