ಕಟ್ಟು ಬಿಚ್ಚಿದ ಮೇಲೆ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಳ್ಳಂಬೆಳ್ಳ ಸಿಗುತ್ತದೆ. ದೊಡ್ಡ ಕೆರೆಯ ಊರು. ಕೆರೆಯ ಆಸರೆ ಇರುವಲ್ಲಿ ಒಂದಿಷ್ಟು ಹಸುರು. ಅದನ್ನು ಬಿಟ್ಟರೆ ಶಿರಾ, ಮಧುಗಿರಿ, ಪಾವಗಡಗಳ ಸೀಮೆಯೆಲ್ಲ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆದ್ದಲು. ರಾಗಿ, ಕಡಲೆಕಾಯಿ, ಹುಣಸೆ ಇಲ್ಲಿಯ ಬೆಳೆ. ಇಂಥ ಕಡೆ ಸಂಸಾರ ಸಾಗುವುದು ಎರಡು ಕೈಗಳ ಬಲದ ಮೇಲೆ. ಹುಣಸೆ ಬಡಿಯಲು ಮರ ಹತ್ತಿದವನು ಕೊಂಬೆ ಮುರಿದು ಬಿದ್ದನೆಂದರೆ, ಮುರಿಯುವುದು ಅವನ ಕೈ ಮಾತ್ರವಲ್ಲ, ಆ ಮನೆಯ ಒಂದು ವರ್ಷದ ಬದುಕೂ ಹೌದು.

ಬಿದ್ದವನನ್ನು ಆಸ್ಪತ್ರೆಗೆ ಒಯ್ಯುತ್ತಾರೆ. ಇಲ್ಲವೇ ಬಿದಿರಿನ ದಬ್ಬೆ ಇಟ್ಟು ಕಟ್ಟು ಹಾಕುವ ನಾಟಿ ವೈದ್ಯರ ಬಳಿಗೆ. ಕೆಲವು ವಾರಗಳಲ್ಲಿ ಮೂಳೆ ಕೂಡುತ್ತದೆ. ಕಟ್ಟು ಬಿಚ್ಚಿದ ದಿನ ಮನೆಯವರೆಲ್ಲ ‘ಸದ್ಯ, ವಾಸಿಯಾಯಿತು’ ಎನ್ನುತ್ತಾರೆ. ಆದರೆ ಊಟಕ್ಕೆ ಕುಳಿತರೆ ಬೆರಳು ಮಡಿಸಿ ಮುದ್ದೆ ಮುರಿಯಲು ಬರುವುದಿಲ್ಲ. ಕುಡುಗೋಲು ಹಿಡಿದರೆ ಜಾರುತ್ತದೆ. ಕೆಲಸವಿಲ್ಲದ ಸ್ನಾಯು ಸೊರಗಿದೆ, ಆಡದ ಕೀಲು ಬಿಗಿದಿದೆ. ಮೂಳೆ ಕೂಡಿತೇ ಹೊರತು ಕೈ ಕೂಡಲಿಲ್ಲ. ಚಿಕಿತ್ಸೆಯ ಉಳಿದ ಅರ್ಧ ಇಲ್ಲಿಂದ ಆರಂಭವಾಗಬೇಕು. ಆ ಅರ್ಧಕ್ಕೆ ಇಂದು ವ್ಯಾಯಾಮ ಚಿಕಿತ್ಸೆ ಎಂದು ಹೆಸರು. ಹೆಸರು ಹೊಸದು, ಸಂಗತಿ ಬಹಳ ಹಳೆಯದು.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿದ ಮೂಳೆಗಳ ಚಿಕಿತ್ಸೆಗೆಂದೇ ಒಂದು ಅಧ್ಯಾಯವಿದೆ. ಅಂಗೈ ಮುರಿದವನಿಗೆ ಹೇಳಿರುವ ಉಪಚಾರ ಗಮನಿಸತಕ್ಕದ್ದು. ಅಂಗೈಯನ್ನು ಸಮಮಾಡಿ ಕಟ್ಟಬೇಕು, ಎಣ್ಣೆ ಎರೆಯಬೇಕು. ತರುವಾಯ ರೋಗಿ ಮೊದಲು ಸಗಣಿಯ ಉಂಡೆಯನ್ನು ಹಿಡಿಯಬೇಕು. ಆಮೇಲೆ ಮಣ್ಣಿನ ಉಂಡೆಯನ್ನು. ಕೈಗೆ ಬಲ ಬಂದ ಮೇಲೆ ಕಲ್ಲನ್ನು. ಇಷ್ಟೇ. ಆದರೆ ಈ ಮೂರು ವಸ್ತುಗಳಲ್ಲಿ ಇಡೀ ಶಾಸ್ತ್ರದ ಬೀಜ ಅಡಗಿದೆ. ಹಗುರವಾದದ್ದು ಮೊದಲು, ಭಾರವಾದದ್ದು ಕೊನೆಗೆ. ಮುಂದಿನ ಮೆಟ್ಟಿಲಿಗೆ ಹೋಗುವ ಹೊತ್ತನ್ನು ನಿರ್ಣಯಿಸುವುದು ಪಂಚಾಂಗವಲ್ಲ, ಕೈಗೆ ಬಂದಿರುವ ಬಲ. ಅದೇ ಗ್ರಂಥ ಬೇರೊಂದು ಕಡೆ, ವ್ಯಾಯಾಮವನ್ನು ತನ್ನ ಬಲದ ಅರ್ಧಕ್ಕೆ ನಿಲ್ಲಿಸಬೇಕೆಂದೂ, ಬಾಯಿಂದ ಉಸಿರಾಡುವ ಸ್ಥಿತಿ ಬಂದಾಗ ಆ ಅರ್ಧ ಮುಟ್ಟಿತೆಂದು ತಿಳಿಯಬೇಕೆಂದೂ ಹೇಳುತ್ತದೆ.

ನಮ್ಮ ಹಳ್ಳಿಗಳಲ್ಲಿ ಈ ತಿಳಿವಳಿಕೆ ಎರಡು ಕವಲಾಗಿ ಉಳಿಯಿತು. ಕಟ್ಟು ಕಟ್ಟುವ ವಿದ್ಯೆ ನಾಟಿ ವೈದ್ಯರ ಕೈಯಲ್ಲಿ. ಬಲ ಬೆಳೆಸುವ ವಿದ್ಯೆ ಗರಡಿಮನೆಯಲ್ಲಿ. ಗರಡಿಯ ಹುಡುಗ ಮೊದಲ ದಿನವೇ ಗುಂಡುಕಲ್ಲು ಎತ್ತುವುದಿಲ್ಲ. ಬಸ್ಕಿಯ ಎಣಿಕೆಯನ್ನು ಏರಿಸುತ್ತ ಏರಿಸುತ್ತ ಅಲ್ಲಿಗೆ ಬರುತ್ತಾನೆ. ಆದರೆ ಗರಡಿ ಗಟ್ಟಿಮುಟ್ಟಾದವರ ಜಾಗ. ಕಟ್ಟು ಬಿಚ್ಚಿಸಿಕೊಂಡ ರೈತನಿಗೂ ಗರಡಿಗೂ ನಡುವೆ ಸೇತುವೆ ಇರಲಿಲ್ಲ.

ಯೂರೋಪಿನಲ್ಲಿ ಆ ಸೇತುವೆಯನ್ನು ಕಟ್ಟಿದವರಲ್ಲಿ ಮುಖ್ಯನಾದವನು ಸ್ವೀಡನ್ ದೇಶದ ಪೇರ್ ಹೆನ್ರಿಕ್ ಲಿಂಗ್. ಆತ ವೈದ್ಯನಲ್ಲ, ಕತ್ತಿವರಸೆಯ ಗುರು. ತನ್ನದೇ ತೋಳಿನ ಬೇನೆ ಕತ್ತಿವರಸೆಯಿಂದ ಗುಣವಾಯಿತೆಂದು ಕಂಡುಕೊಂಡನೆಂದು ಹೇಳುತ್ತಾರೆ. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅವನ ಕೈಕೆಳಗೆ ವ್ಯಾಯಾಮ ವಿದ್ಯಾಲಯವೊಂದು ಏರ್ಪಟ್ಟಿತು. ರೋಗಿಗಳಿಗಾಗಿ ಬೇರೆ ಅಂಗಚಲನೆಗಳನ್ನು ಅಲ್ಲಿ ಕಲಿಸಿದರು. ಲಂಡನ್ನಿನಲ್ಲಿ 1894ರಲ್ಲಿ ನಾಲ್ವರು ದಾದಿಯರು ಸೇರಿ, ಅಂಗಮರ್ದನವನ್ನು ಮರ್ಯಾದೆಯ ವೃತ್ತಿಯನ್ನಾಗಿಸಲು ಒಂದು ಸಂಘ ಕಟ್ಟಿದರು. ಅಲ್ಲಿಯ ಫಿಸಿಯೋಥೆರಪಿ ವೃತ್ತಿಯ ಬೇರು ಅದೇ.

ಆದರೂ ‘ಮೊದಲು ಹಗುರ, ಆಮೇಲೆ ಭಾರ’ ಎಂಬುದಕ್ಕೆ ಲೆಕ್ಕಾಚಾರದ ರೂಪ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಷಿಕಾಗೋ ನಗರದ ಸೈನಿಕ ಆಸ್ಪತ್ರೆಯಲ್ಲಿ ಮೊಣಕಾಲು ಕೆಟ್ಟ ಸಿಪಾಯಿಗಳು ತಿಂಗಳುಗಟ್ಟಲೆ ಮಲಗಿದ್ದರು. ಹಗುರ ಚಲನೆಯಿಂದ ಅವರ ತೊಡೆಗೆ ಬಲ ಬರಲಿಲ್ಲ. ಥಾಮಸ್ ಡಿಲಾರ್ಮ್ ಎಂಬ ತರುಣ ವೈದ್ಯನಿಗೆ ತನ್ನ ಬಾಲ್ಯ ನೆನಪಾಯಿತು: ಕಾಯಿಲೆ ಬಿದ್ದು ಎದ್ದ ಮೇಲೆ ಭಾರ ಎತ್ತಿಯೇ ಆತ ಚೇತರಿಸಿಕೊಂಡಿದ್ದ. ಸಿಪಾಯಿಗಳ ಕಾಲಿಗೂ ಭಾರ ಕಟ್ಟಿದ. ಅದರ ಫಲವನ್ನು 1945ರಲ್ಲಿ ಪ್ರಕಟಿಸಿದ. 1948ರಲ್ಲಿ ಆತನೂ ಜೊತೆಗಾರ ವಾಟ್ಕಿನ್ಸನೂ ಹೇಳಿದ ಕ್ರಮ ಸರಳವಾದದ್ದು. ಹತ್ತು ಸಲ ಮಾತ್ರ ಎತ್ತಲು ಸಾಧ್ಯವಾಗುವ ಭಾರವನ್ನು ಗೊತ್ತುಮಾಡಿಕೊಳ್ಳುವುದು; ಅದರ ಅರ್ಧವನ್ನು ಹತ್ತು ಸಲ, ಮುಕ್ಕಾಲನ್ನು ಹತ್ತು ಸಲ, ಪೂರ್ತಿಯನ್ನು ಹತ್ತು ಸಲ ಎತ್ತುವುದು; ಬಲ ಬಂದಂತೆ ಭಾರವನ್ನು ಏರಿಸುವುದು. ಸುಶ್ರುತನ ಉಂಡೆಗಳ ವಿಷಯ ಡಿಲಾರ್ಮನಿಗೆ ತಿಳಿದಿತ್ತೆಂದು ಹೆಮ್ಮೆಪಡಬೇಕಾದ ಅಗತ್ಯವಿಲ್ಲ. ಸೊರಗಿದ ಸ್ನಾಯು ಎಲ್ಲ ದೇಶದಲ್ಲಿಯೂ ಒಂದೇ ಪಾಠ ಹೇಳುತ್ತದೆ. ಕೇಳುವ ಕಿವಿ ಇರಬೇಕು, ಅಷ್ಟೆ.

ನಮ್ಮ ನಾಡಿನಲ್ಲಿ ಗರಡಿಯನ್ನೂ ಹೊಸ ಶಾಸ್ತ್ರವನ್ನೂ ಹತ್ತಿರ ತಂದವರಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರ್ ಒಬ್ಬರು. ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಕನ್ನಡಿಗರು ಬಲ್ಲ ಇವರು ವ್ಯಾಯಾಮಶಾಲೆಯ ಗುರುಗಳೂ ಆಗಿದ್ದರು. ಯೋಗಾಸನ, ಸೂರ್ಯನಮಸ್ಕಾರಗಳೊಡನೆ ಕಬ್ಬಿಣದ ಭಾರವನ್ನು ಸೇರಿಸಿ ಪಾಠಕ್ರಮ ರಚಿಸಿದರು. ದೂರದವರಿಗೆ ಅಂಚೆಯ ಮೂಲಕವೂ ಕಲಿಸಿದರು. 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ತೆರೆಯಿತು. 1959ರಲ್ಲಿ ಬೆಂಗಳೂರಿನಲ್ಲಿ, ತಾವೇ ಪೋಲಿಯೋಕ್ಕೆ ತುತ್ತಾಗಿದ್ದ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯನ್ನು ಆರಂಭಿಸಿದರು. ಭಾರತದ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ರೋಗ ಹೋಯಿತು, ಅದು ಕುಗ್ಗಿಸಿದ ಕಾಲುಗಳವರು ಇನ್ನೂ ನಮ್ಮ ನಡುವೆ ಇದ್ದಾರೆ.

ಲಕ್ವ ಹೊಡೆದವರ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಕೆಟ್ಟಿರುವುದು ಕೈಯಲ್ಲ, ಕೈಗೆ ಅಪ್ಪಣೆ ಕೊಡುವ ಮಿದುಳಿನ ಭಾಗ. ಒಂದೇ ಕೆಲಸವನ್ನು ನೂರಾರು ಸಲ ಮಾಡಿಸಿದರೆ, ಮಿದುಳಿನ ಉಳಿದ ಭಾಗ ಆ ಕೆಲಸವನ್ನು ಒಂದಿಷ್ಟಾದರೂ ಕಲಿಯಬಲ್ಲದು. ಮೊದಲ ಕೆಲವು ತಿಂಗಳು ಇದಕ್ಕೆ ಬಹು ಅಮೂಲ್ಯ. ‘ಪಾಪ, ಮಲಗಿರಲಿ’ ಎಂಬ ಮನೆಯವರ ಕರುಣೆಯೇ ಎಷ್ಟೋ ಸಲ ರೋಗಿಯ ಆ ತಿಂಗಳುಗಳನ್ನು ಕದ್ದುಬಿಡುತ್ತದೆ.

ಆತುರವೂ ಅಷ್ಟೇ ಕೆಟ್ಟದ್ದು. ಪೆಟ್ಟಾದ ಮೊಣಕೈಯನ್ನು ಬಲವಾಗಿ ತಿಕ್ಕಿ ಎಳೆದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಬಿಗಿಯುವುದುಂಟು. ಎಷ್ಟು, ಯಾವಾಗ ಎಂಬುದನ್ನು ಬಲ್ಲವರು ತೋರಿಸಿಕೊಡಬೇಕು. ಆದರೆ ತೋರಿಸಿದ್ದನ್ನು ದಿನವೂ ಮಾಡಬೇಕಾದವರು ರೋಗಿ, ಮಾಡಿಸಬೇಕಾದವರು ಮನೆಯವರು. ದಿನಕ್ಕೊಮ್ಮೆ ತುಮಕೂರಿಗೆ ಬಸ್ಸು ಹತ್ತಿ ಬರುವುದು ಕೂಲಿಯವನಿಂದ ಆಗುವ ಮಾತಲ್ಲ. ಹನಿಗೂಡಿದರೆ ಹಳ್ಳ ಎಂಬ ಗಾದೆ ಈ ಚಿಕಿತ್ಸೆಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು.

ಆದುದರಿಂದ, ಕಟ್ಟು ಬಿಚ್ಚಿದ ದಿನ ವೈದ್ಯರನ್ನು ಒಂದು ಪ್ರಶ್ನೆ ಕೇಳದೆ ಮನೆಗೆ ಬರಬಾರದು: ‘ಇನ್ನು ಈ ಕೈಯಿಂದ ಏನು ಮಾಡಿಸಬೇಕು?’ ಉತ್ತರ ಬಹುಶಃ ಸಣ್ಣದಾಗಿರುತ್ತದೆ: ಒದ್ದೆ ಬಟ್ಟೆ ಹಿಂಡುವುದು, ಹಿಟ್ಟು ಹಿಚುಕುವುದು, ತುಂಬಿದ ಚೊಂಬು ಎತ್ತುವುದು. ಸಗಣಿಯ ಉಂಡೆಯೂ ಅಷ್ಟೇ ಸಣ್ಣದಾಗಿತ್ತು. ಕಲ್ಲಿನವರೆಗೆ ಹೋಗುವ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ. ದಾರಿಯ ನಡುವೆ ಎಲ್ಲೋ ಒಂದು ಮಧ್ಯಾಹ್ನ, ಆತ ಯಾರ ನೆರವೂ ಇಲ್ಲದೆ ತಾನೇ ಮುದ್ದೆ ಮುರಿಯುತ್ತಾನೆ.